ಸಾವಿರ ರೂಪಾಯಿಗೆ ಎಷ್ಟು ಭತ್ತ?

ಮಾನ್ವಿ ಕಡೆ ಲೆಕ್ಕ ಅಂದರೆ ಚೀಲದ ಲೆಕ್ಕ. ಹೊಲ ಲೀಸಿಗೆ ಕೊಡುವಾಗ ಎಕರೆಗೆ ಎಷ್ಟು ಚೀಲ ಎಂದೇ ಕೇಳುತ್ತಾರೆ, ಬೆಳೆ ಚೆನ್ನಾಗಿ ಬಂತಾ ಎಂದರೆ ಉತ್ತರವೂ ಚೀಲದಲ್ಲೇ ಬರುತ್ತದೆ. ಒಂದು ಚೀಲ ಭತ್ತ ಎಂದರೆ 75 ಕಿಲೋ. ನಮ್ಮ ಕಾಕಾ ತನ್ನ ಪಿಂಚಣಿಯನ್ನೂ ಇದೇ ಅಳತೆಯಲ್ಲಿ ಅಳೆಯುತ್ತಾನೆ ಎಂಬುದು ನನಗೆ ಈಚೆಗೆ ಗೊತ್ತಾಯಿತು. ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ 18 ವರ್ಷ ದುಡಿದು, 58 ತುಂಬಿ, 2014ರಲ್ಲಿ ಊರಿಗೆ ಬಂದವನು ಅವನು. ಕಟ್ಟೆಯ ಮೇಲೆ ಕೂತು ಒಂದು ಸಂಜೆ ಹೇಳಿದ: “ಅವಾಗ ಪೆನ್ಷನ್ ಬಂದ್ರ ಒಂದ್ ಚೀಲ ಭತ್ತ ಬರ್ತಿತ್ತು ತಮ್ಮಾ. ಈಗ ಅರ್ಧ ಚೀಲಕ್ಕ ಬಂದದ. ರೊಕ್ಕ ಅಷ್ಟೇ ಅದ, ಚೀಲ ಸಣ್ಣದಾಗ್ಯದ.”

ಮನೆಗೆ ಬಂದು ಲೆಕ್ಕ ಹಾಕಿ ನೋಡಿದೆ. ನೌಕರರ ಪಿಂಚಣಿ ಯೋಜನೆಯ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ಕೇಂದ್ರ ಸರ್ಕಾರ ನಿಗದಿ ಮಾಡಿದ್ದು 2014ರ ಸೆಪ್ಟೆಂಬರ್ 1ರಿಂದ. ಆ ವರ್ಷ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 1,360 ರೂಪಾಯಿ. ಸಾವಿರ ರೂಪಾಯಿಗೆ 73 ಕಿಲೋ ಮೇಲೆ ಚೂರು, ಅಂದರೆ ಹೆಚ್ಚುಕಡಿಮೆ ಒಂದು ಚೀಲ. 2025-26ರ ಬೆಂಬಲ ಬೆಲೆ 2,369 ರೂಪಾಯಿ. ಆ ಬೆಲೆಗೆ ಅದೇ ಸಾವಿರಕ್ಕೆ 42 ಕಿಲೋ. ನಮ್ಮ ಕಡೆಯ ಸೋನಾ ಮಸೂರಿ ಪೇಟೆಯಲ್ಲಿ ಬೇರೆ ಬೆಲೆಗೆ ಹೋಗುತ್ತದೆ, ಅದನ್ನು ಬದಿಗಿಡೋಣ. ಅಳತೆಗೋಲಿಗೆ ಸರ್ಕಾರದ ಬೆಲೆಯೇ ಸಾಕು. ಕಾಕಾ ಹೇಳಿದ್ದು ಹೆಚ್ಚುಕಡಿಮೆ ಸರಿಯಿತ್ತು.

ಅವನು ಮಾಡಿದ ಲೆಕ್ಕ ಹಳೆಯದು ಎಂದು ಅನ್ನಿಸಿದ್ದು ನಿಘಂಟು ತೆಗೆದಾಗ. ಬ್ಯಾಂಕಿನವರೂ ವಿಮೆಯವರೂ ‘ಆನ್ಯುಯಿಟಿ’ ಎನ್ನುವುದಕ್ಕೆ ಕನ್ನಡದಲ್ಲಿ ಒಂದು ಮಾತಿದೆ: ವರ್ಷಾಶನ. ಮಠ, ದೇವಸ್ಥಾನ, ದೊರೆಗಳ ಕಾಲದಿಂದ ಬಂದ ಮಾತು. ಅಶನ ಎಂದರೆ ಊಟ. ವರ್ಷಾಶನ ಎಂದರೆ ಒಂದು ವರ್ಷದ ಊಟಕ್ಕೆ ಆಗುವಷ್ಟು. ಅದರ ಇಂಗ್ಲಿಷ್ ಪದದ ಬೇರಿನಲ್ಲಿ ಇರುವುದು ವರ್ಷ ಮಾತ್ರ. ನಮ್ಮದರಲ್ಲಿ ಅನ್ನವೂ ಇದೆ. ನಿವೃತ್ತಿಯ ಕಾಗದಗಳಲ್ಲಿ ಬರುವ ಮಾತುಗಳನ್ನೆಲ್ಲ ಒಂದೊಂದಾಗಿ ತೆಗೆದು, ರೂಪಾಯಿಯ ಜೊತೆ ಭತ್ತದಲ್ಲೂ ಅಳೆದರೆ ಏನು ಕಾಣುತ್ತದೆ ಎಂದು ನೋಡಲು ಕೂತೆ. ಕೆಲವು ಅಂಕಿಗಳು ಬಂದಾಗ ಮೂರು ಸಲ ತಿರುಗಿಸಿ ಲೆಕ್ಕ ಮಾಡಿದೆ, ನಂಬಿಕೆ ಬರಲಿಲ್ಲ.

ಮೊದಲು ಭವಿಷ್ಯ ನಿಧಿ. ಜನರ ಬಾಯಲ್ಲಿ ಅದು ಪಿಎಫ್. 1952ರ ಕಾಯ್ದೆ, ಅದೇ ವರ್ಷದ ನವೆಂಬರ್ 1ರಂದು ಯೋಜನೆ ಶುರುವಾದಾಗ ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ, ಜವಳಿ ಎಂಬ ಆರು ಉದ್ಯಮಗಳಿಗೆ ಮಾತ್ರ. ಆಗ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಕಾರ್ಮಿಕ ಕಟ್ಟಬೇಕಾದ ವಂತಿಗೆ ಸಂಬಳದ ಶೇ 6.25. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು ಎನ್ನುವವರು ಹಳೆಯ ರೂಪಾಯಿಯನ್ನು ನೆನೆಯಬೇಕು. ರೂಪಾಯಿಗೆ ಹದಿನಾರಾಣೆ, ಹದಿನಾರರಲ್ಲಿ ಒಂದು ಎಂದರೆ ಶೇ 6.25. ರೂಪಾಯಿಗೆ ಒಂದಾಣೆ ಎತ್ತಿಡುವುದು, ಅಷ್ಟೇ. ಮಾಲೀಕನೂ ಒಂದಾಣೆ ಸೇರಿಸುವುದು. ಮೊದಲ ವರ್ಷದ ಬಡ್ಡಿ ಶೇ 3. ಈಗ ಕಾರ್ಮಿಕನದು ಶೇ 12, ಮಾಲೀಕನದು ಶೇ 12, ಬಡ್ಡಿ 2024-25ರಲ್ಲಿ ಶೇ 8.25. ವಂತಿಗೆ ಕಟ್ಟುತ್ತಿರುವವರು ದೇಶದಲ್ಲಿ 7 ಕೋಟಿಗೂ ಹೆಚ್ಚು. ಆರು ಉದ್ಯಮದಿಂದ ಹೊರಟದ್ದು ಇಲ್ಲಿಗೆ ಬಂದು ನಿಂತಿದೆ.

ಮಾಲೀಕನ ಆ 12ರಲ್ಲಿ ಒಂದು ಸೀಳು ಇದೆ. ಸಂಬಳದ ಚೀಟಿ ಹಿಡಿದವರಲ್ಲಿ ಹೆಚ್ಚಿನವರಿಗೆ ಇದು ತಿಳಿದಿರುವುದಿಲ್ಲ. ಅದರಲ್ಲಿ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ, 3.67 ಮಾತ್ರ ಪಿಎಫ್‌ಗೆ. 8.33ಕ್ಕೂ ಅರ್ಥವಿದೆ: ಹನ್ನೆರಡರಲ್ಲಿ ಒಂದು, ಅಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳ. ಆದರೆ ಸಂಬಳ ಎಷ್ಟೇ ಇರಲಿ, ಈ ಲೆಕ್ಕಕ್ಕೆ 15,000 ರೂಪಾಯಿಯೇ ಮಿತಿ. ಆದ್ದರಿಂದ ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. 1952ರಲ್ಲಿ ಪಿಎಫ್‌ನ ಸಂಬಳ ಮಿತಿ 300 ರೂಪಾಯಿ ಇತ್ತು. 2001ರಲ್ಲಿ 6,500ಕ್ಕೆ ಬಂದು, 2014ರಲ್ಲಿ 15,000 ಆಯಿತು. 2014ರ 15,000ಕ್ಕೆ ಹದಿನಾಲ್ಕೂವರೆ ಚೀಲಕ್ಕೂ ಹೆಚ್ಚು ಭತ್ತ ಬರುತ್ತಿತ್ತು. 2025ರಲ್ಲಿ ಎಂಟೂವರೆ ಚೀಲಕ್ಕೂ ಕಡಿಮೆ.

ಇನ್ನು ಸೂತ್ರ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸು. ಕಾಕಾ ನಿವೃತ್ತನಾದಾಗ 60 ತಿಂಗಳಲ್ಲ, 12 ತಿಂಗಳ ಸರಾಸರಿ ಹಿಡಿಯುತ್ತಿದ್ದರು. ಅವನ ಕಾಗದದಲ್ಲಿ ಮೂಲ ವೇತನ 3,500. ಅದನ್ನು 18ರಿಂದ ಗುಣಿಸಿದರೆ 63,000. 70ರಿಂದ ಭಾಗಿಸಿದರೆ 900. ಕನಿಷ್ಠ ಮೊತ್ತದ ಆದೇಶ ಬಂದ ಮೇಲೆ ಅದು ಸಾವಿರವಾಯಿತು. ದಿನಕ್ಕೆ 33 ರೂಪಾಯಿ. ಪೂರ್ತಿ 35 ವರ್ಷ, ಪೂರ್ತಿ 15,000ದ ಮೇಲೆ ವಂತಿಗೆ ಕಟ್ಟಿದವನಿಗಾದರೂ ಈ ಸೂತ್ರದಿಂದ ಬರುವುದು 7,500, ನಾಲ್ಕು ಚೀಲದ ಮೇಲೆ ಸ್ವಲ್ಪ. ಸರ್ಕಾರಿ ಪಿಂಚಣಿಯಂತೆ ಇದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. 58ಕ್ಕೆ ನಿಂತ ಮೊತ್ತ 80ಕ್ಕೂ ಅಷ್ಟೇ. ಕಾಕಾನ ಚೀಲ ಸಣ್ಣದಾದದ್ದು ಹೀಗೆ.

ಇದೇ ಯೋಜನೆಯಲ್ಲಿ ಒಂದು ತಿಂಗಳ ಬೆಲೆ ಎಷ್ಟಾಗಬಹುದು ನೋಡಿ. ಪಿಂಚಣಿಗೆ ಅರ್ಹತೆ 10 ವರ್ಷದ ಸೇವೆ. ಆದರೆ ಆರು ತಿಂಗಳು ತುಂಬಿದರೆ ಅದನ್ನು ಪೂರ್ತಿ ವರ್ಷ ಎಂದು ಎಣಿಸುತ್ತಾರೆ. ಆದ್ದರಿಂದ 9 ವರ್ಷ 6 ತಿಂಗಳಾದರೆ 10 ಆದಂತೆಯೇ. ದೇವದುರ್ಗದಿಂದ ಬೆಂಗಳೂರಿಗೆ ಹೋಗಿ ಒಂದು ಕಡೆ ಸೆಕ್ಯೂರಿಟಿ, ಇನ್ನೊಂದು ಕಡೆ ಗೋಡೌನ್ ಎಂದು ದುಡಿದ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. ಒಬ್ಬ 9 ವರ್ಷ 5 ತಿಂಗಳಿಗೆ ಕೆಲಸ ಬಿಟ್ಟ, ಇನ್ನೊಬ್ಬ 9 ವರ್ಷ 6 ತಿಂಗಳಿಗೆ. ಮೊದಲನೆಯವನಿಗೆ ಒಮ್ಮೆ ಒಂದಿಷ್ಟು ಗಂಟು ಸಿಕ್ಕಿ ಲೆಕ್ಕ ಮುಗಿಯುತ್ತದೆ. ಎರಡನೆಯವನಿಗೆ, 15,000ದ ಸಂಬಳವಿದ್ದರೆ, 58ರಿಂದ ತಿಂಗಳಿಗೆ 2,143 ರೂಪಾಯಿ. ಅವನು 80ರವರೆಗೆ ಬದುಕಿದರೆ 264 ತಿಂಗಳಿಗೆ 5 ಲಕ್ಷ 65 ಸಾವಿರ. ಅವನು ತೀರಿಕೊಂಡರೆ ಹೆಂಡತಿಗೆ ಅದರ ಅರ್ಧ. ಮೂವತ್ತು ದಿನ ಹೆಚ್ಚಿಗೆ ಗೇಟಿನಲ್ಲಿ ನಿಂತದ್ದಕ್ಕೆ ಇಷ್ಟು. ಸೇವೆ ಒಂದೇ ಕಡೆ ಆಗಿರಬೇಕೆಂದೂ ಇಲ್ಲ, ಬೇರೆ ಬೇರೆ ಕಡೆಯದನ್ನು ಕೂಡಿಸಬಹುದು. ಈ ಮಾತು ಗೊತ್ತಿದ್ದವರು ಗೊತ್ತಿಲ್ಲದವರಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹೇಳಬೇಕು ಅನ್ನಿಸುತ್ತದೆ ನನಗೆ.

ಸೇವೆ ಕೂಡಿಸಲು ಬೇಕಾದದ್ದು ಹನ್ನೆರಡು ಅಂಕಿಯ ಒಂದು ಸಂಖ್ಯೆ, ಯುಎಎನ್. 2014ರಲ್ಲಿ ಬಂತು. ಅದಕ್ಕೆ ಮೊದಲು ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ಪಿಎಫ್ ನಂಬರು, ಹಳೆಯದು ಹಳೆಯ ಡೈರಿಯಲ್ಲಿ. ಹೀಗೆ ಯಾರೂ ಕೇಳದೆ ಬಿದ್ದ ‘ನಿಷ್ಕ್ರಿಯ ಖಾತೆ’ಗಳು 2024ರ ಮಾರ್ಚ್ ಹೊತ್ತಿಗೆ 21 ಲಕ್ಷಕ್ಕೂ ಹೆಚ್ಚು, ಅವುಗಳಲ್ಲಿದ್ದ ಹಣ 8,500 ಕೋಟಿ ರೂಪಾಯಿಗೂ ಹೆಚ್ಚು ಎಂದು ಸಂಸತ್ತಿಗೆ ಸರ್ಕಾರ ತಿಳಿಸಿದೆ. ತಲಾ ಸುಮಾರು 39 ಸಾವಿರ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನ 19 ಲಕ್ಷ 28 ಸಾವಿರ. ಜಿಲ್ಲೆಯ ಪ್ರತಿಯೊಬ್ಬರಿಗೂ, ತೊಟ್ಟಿಲ ಕೂಸಿಗೂ, ಒಂದೊಂದು ಮರೆತ ಖಾತೆ ಹಂಚಿದರೂ ಇನ್ನೂ ಎರಡು ಲಕ್ಷ ಖಾತೆ ಉಳಿಯುತ್ತವೆ. ಇದು ಕಳ್ಳತನವಾದ ಹಣವಲ್ಲ, ಕೊಳೆತ ಹಣವೂ ಅಲ್ಲ. ದುಡಿದವರ ಹೆಸರಿನಲ್ಲೇ ಇದೆ. ಕೇಳುವವರು ಬಂದಿಲ್ಲ, ಅಥವಾ ಕೇಳಬಹುದೆಂದು ಅವರಿಗೆ ಯಾರೂ ಹೇಳಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆಚ್ಚಿಬೀಳಿಸಿದ ಲೆಕ್ಕ ಇನ್ನೊಂದು. 23ಕ್ಕೆ ಕೆಲಸಕ್ಕೆ ಸೇರಿ 58ರವರೆಗೆ 15,000 ರೂಪಾಯಿ ಸಂಬಳದ ಮೇಲೆಯೇ ಪಿಎಫ್ ಕಟ್ಟಿದ ಒಬ್ಬನನ್ನು ತೆಗೆದುಕೊಳ್ಳಿ. ಅವನದು 1,800, ಮಾಲೀಕನ 550, ಒಟ್ಟು ತಿಂಗಳಿಗೆ 2,350. 35 ವರ್ಷಕ್ಕೆ ಕಟ್ಟಿದ ಮೊತ್ತ 9 ಲಕ್ಷ 87 ಸಾವಿರ. ಬಡ್ಡಿ ಶೇ 8.25ರಲ್ಲೇ ನಿಂತಿದ್ದರೆ ಕೈಗೆ ಬರುವುದು ಸುಮಾರು 53 ಲಕ್ಷ. ಇಲ್ಲಿಯವರೆಗೆ ಚಕ್ರಬಡ್ಡಿ ತಿಳಿದವರಿಗೆ ಹೊಸದೇನಿಲ್ಲ. ಆದರೆ ಇದನ್ನು ಐದೈದು ವರ್ಷಕ್ಕೆ ಕತ್ತರಿಸಿ ನೋಡಿ. ಮೊದಲ ಐದು ವರ್ಷದಲ್ಲಿ ಕಟ್ಟಿದ್ದು 1 ಲಕ್ಷ 41 ಸಾವಿರ. ಕೊನೆಯ ಐದು ವರ್ಷದಲ್ಲಿ ಕಟ್ಟಿದ್ದೂ ಅಷ್ಟೇ, 1 ಲಕ್ಷ 41 ಸಾವಿರ. ಕೊನೆಯ ಕಂತು ಬೆಳೆದು 1 ಲಕ್ಷ 72 ಸಾವಿರವಾಗುತ್ತದೆ. ಮೊದಲ ಕಂತು? 18 ಲಕ್ಷ 60 ಸಾವಿರ. ಹತ್ತು ಪಟ್ಟಿಗೂ ಮೇಲೆ. ಇಡೀ 53 ಲಕ್ಷದಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು 28 ತುಂಬುವ ಮೊದಲೇ ಬಿತ್ತಿದ ಕಾಳಿನದು.

ಸರಿಯಾಗಿ ಆ ಕಾಳನ್ನೇ ನಮ್ಮ ಹುಡುಗರು ತಿಂದುಬಿಡುತ್ತಾರೆ. ಮೊದಲ ಕೆಲಸ ಬಿಟ್ಟಾಗ ಪಿಎಫ್ ತೆಗೆದು ಮೋಟಾರ್ ಸೈಕಲ್ಲಿಗೆ ಮುಂಗಡ ಕಟ್ಟಿದವರನ್ನು ನನ್ನ ಓಣಿಯಲ್ಲೇ ಎಂಟು ಹತ್ತು ಜನ ತೋರಿಸಬಲ್ಲೆ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ತಂಗಿಯ ಮದುವೆಗೆ, ಅವ್ವನ ಆಸ್ಪತ್ರೆಗೆ ತೆಗೆದವರೂ ಅವರಲ್ಲಿದ್ದಾರೆ. ಆದರೆ ತೆಗೆದದ್ದು 1 ಲಕ್ಷ 72 ಸಾವಿರ ಅಲ್ಲ, 18 ಲಕ್ಷ 60 ಸಾವಿರ ಎಂದು ಆ ಫಾರಂ ತುಂಬುವ ದಿನ ಯಾರಾದರೂ ಹೇಳಿದ್ದರೆ ಅವರಲ್ಲಿ ಅರ್ಧದಷ್ಟು ಜನ ಫಾರಂ ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು ಎಂದು ನನ್ನ ನಂಬಿಕೆ. ಬಿತ್ತನೆ ಬೀಜದ ಚೀಲವನ್ನು ಅನ್ನಕ್ಕೆ ಬಿಚ್ಚಬಾರದು ಎಂಬುದನ್ನು ಮಾನ್ವಿ ಹುಡುಗನಿಗೆ ಯಾರೂ ಕಲಿಸಬೇಕಾಗಿಲ್ಲ. ಪಿಎಫ್ ಪಾಸ್‌ಬುಕ್ಕು ಬಿತ್ತನೆ ಬೀಜ ಎಂಬುದನ್ನಷ್ಟೇ ಯಾರೂ ಹೇಳಿಲ್ಲ.

ಆ 53 ಲಕ್ಷವನ್ನೂ ಚೀಲಕ್ಕೆ ತಿರುಗಿಸಬೇಕಲ್ಲ. 2014ರಿಂದ 2025ರವರೆಗೆ ಭತ್ತದ ಬೆಂಬಲ ಬೆಲೆ ವರ್ಷಕ್ಕೆ ಸರಾಸರಿ ಶೇ 5ಕ್ಕಿಂತ ಚೂರು ಹೆಚ್ಚು ಏರಿದೆ. ಅದೇ ವೇಗದಲ್ಲಿ ಏರಿದರೆ 35 ವರ್ಷದ ನಂತರ ಕ್ವಿಂಟಲ್‌ಗೆ 13,800 ರೂಪಾಯಿ ಆಗುತ್ತದೆ, 53 ಲಕ್ಷಕ್ಕೆ ಬರುವುದು 510 ಚೀಲ. ಕಾಲುವೆ ನೀರು ಸಿಕ್ಕ ವರ್ಷ ಎಕರೆಗೆ 35-40 ಚೀಲ ಬೆಳೆಯುವ ಊರಿನಲ್ಲಿ, ಅದು ಹದಿಮೂರು ಹದಿನಾಲ್ಕು ಎಕರೆಯ ಒಂದು ಬೆಳೆ. 35 ವರ್ಷದ ದುಡಿಮೆಯ ಉಳಿತಾಯ ಅದು. ದೊಡ್ಡ ಅಂಕಿ ಕಂಡು ಮೈಮರೆಯದಿರಲು ಚೀಲ ಒಳ್ಳೆಯ ಅಳತೆ.

ಉಪದಾನದ ವಿಷಯ ಬೇಗ ಮುಗಿಯುತ್ತದೆ. ಗ್ರಾಚ್ಯುಟಿಗೆ ಸರ್ಕಾರಿ ಕನ್ನಡದ ಮಾತು ಅದು. 1972ರ ಕಾಯ್ದೆ ತಂದ ಲೆಕ್ಕ: ತಿಂಗಳಲ್ಲಿ 26 ಕೆಲಸದ ದಿನ, ಪ್ರತಿ ವರ್ಷದ ಸೇವೆಗೆ ಅದರಲ್ಲಿ 15 ದಿನದ ಕೂಲಿ. ಕೊನೆಯ ಸಂಬಳ 15,000, ಸೇವೆ 30 ವರ್ಷ ಎಂದರೆ 2 ಲಕ್ಷ 59 ಸಾವಿರ. ಇದು ಮಾಲೀಕ ಕೊಡುವ ಬಕ್ಷೀಸಲ್ಲ, ಕಾನೂನು ಕೊಡಿಸುವ ಹಕ್ಕು. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ‘ಗೌರವಧನ’ ಪಡೆಯುವವರು, ಅವರಿಗೆ ಉಪದಾನ ಎಲ್ಲಿಯದು ಎಂಬ ವಾದ ವರ್ಷಗಟ್ಟಲೆ ನಡೆಯಿತು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಅವರಿಗೂ ಈ ಹಕ್ಕು ಇದೆ ಎಂದಿತು. ಮಾತು ಒಂದೇ, ಗೌರವಧನವೋ ವೇತನವೋ ಎಂಬುದರ ಮೇಲೆ ಒಂದು ಹೆಣ್ಣಿನ ಮೂವತ್ತು ವರ್ಷ ನಿಂತಿತ್ತು.

ಇಷ್ಟು ಹೊತ್ತು ಸಂಬಳದ ಚೀಟಿ ಇರುವವರ ಮಾತಾಯಿತು. ದೇವದುರ್ಗದಲ್ಲಿ ಚೀಟಿ ಇರುವವರು ಎಷ್ಟು ಮಂದಿ? ಸುಗ್ಗಿ ಮುಗಿದ ಮೇಲೆ ಬಸ್ಸಿನ ಮೇಲೆ ಪಾತ್ರೆ, ಹಾಸಿಗೆ, ಜೋಳದ ಚೀಲ ಏರಿಸಿಕೊಂಡು ಗುಳೆ ಹೋಗುವ ಕುಟುಂಬಗಳಿಗೆ ವಯೋನಿವೃತ್ತಿ ಎಂಬ ಮಾತೇ ಅನ್ವಯಿಸುವುದಿಲ್ಲ. ಮೈ ನಿಂತ ದಿನ ನಿವೃತ್ತಿ. ಆದರೆ ಅವರಿಗೂ ಒಂದು ಅಂಕಿ ಇದೆ, 90. ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60ರೊಳಗಿನ ಯಾರೇ ಆಗಲಿ ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಮೂರು ವರ್ಷ ಸದಸ್ಯರಾಗಿದ್ದು 60 ತುಂಬಿದರೆ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಈ ಹಣ ಬರುವುದು ಕಟ್ಟಡಗಳ ವೆಚ್ಚದ ಮೇಲಿನ ಶೇ 1 ಸೆಸ್‌ನಿಂದ. ಆ 3,000 ಎಂದರೆ ಕಾಕಾ 18 ವರ್ಷ ವಂತಿಗೆ ಕಟ್ಟಿ ಪಡೆಯುವುದರ ಮೂರು ಪಟ್ಟು. ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಹತ್ತನೇ ಮಹಡಿಗೆ ಇಟ್ಟಿಗೆ ಹೊತ್ತ ಹೆಂಗಸು ಆ 90 ದಿನದ ಪ್ರಮಾಣಪತ್ರ ಬರೆಸಿಕೊಳ್ಳದೆ ಊರಿಗೆ ಬಂದರೆ, ಬಿಟ್ಟು ಬಂದದ್ದು 60ರ ನಂತರದ ಪ್ರತಿ ತಿಂಗಳ 126 ಕಿಲೋ ಭತ್ತ. ಒಂದು ಹಾಳೆಯ ತೂಕ ಅಷ್ಟು.

ಯಾವ ವಂತಿಗೆಯೂ ಕಟ್ಟದವರಿಗೆ ಸಾಮಾಜಿಕ ಭದ್ರತಾ ಪಿಂಚಣಿ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ವೃದ್ಧಾಪ್ಯ ವೇತನ ಶುರು ಮಾಡಿದಾಗ ತನ್ನ ಪಾಲೆಂದು ಕೊಟ್ಟದ್ದು 75 ರೂಪಾಯಿ. 2007ರಲ್ಲಿ ಅದು ಇಂದಿರಾ ಗಾಂಧಿ ಹೆಸರಿನ ಯೋಜನೆಯಾದಾಗ 200 ರೂಪಾಯಿ ಇತ್ತು; 60ರಿಂದ 79ರ ವಯಸ್ಸಿನವರಿಗೆ ಕೇಂದ್ರದ ಪಾಲು ಈಗಲೂ ಅಷ್ಟೇ. 2007-08ರಲ್ಲಿ ಭತ್ತದ ಬೆಲೆ ಬೋನಸ್ ಸೇರಿ 745. ಇನ್ನೂರಕ್ಕೆ 27 ಕಿಲೋ ಬರುತ್ತಿತ್ತು. 2025-26ರ ಬೆಲೆಗೆ ಎಂಟೂವರೆ ಕಿಲೋ. ಅದನ್ನು ಮಿಲ್ಲಿಗೆ ಹಾಕಿಸಿದರೆ ಐದೂವರೆ ಕಿಲೋ ಅಕ್ಕಿ ಸಿಕ್ಕೀತು. ಅದೇ 2007ರಲ್ಲಿ ನಮ್ಮ ರಾಜ್ಯ 65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಎಂದು 400 ರೂಪಾಯಿ ಶುರು ಮಾಡಿತು, 54 ಕಿಲೋ ಭತ್ತದಷ್ಟು. 2021ರಲ್ಲಿ ಅದನ್ನು 1,200ಕ್ಕೆ ಏರಿಸಿತು. 2025-26ರ ಬೆಲೆಯಲ್ಲಿ 51 ಕಿಲೋ. ರೂಪಾಯಿಯಲ್ಲಿ ಮೂರು ಪಟ್ಟಾಯಿತು, ಭತ್ತದಲ್ಲಿ ಮೂರು ಕಿಲೋ ಇಳಿಯಿತು. ಇಳಿದದ್ದು ಮೂರೇ ಕಿಲೋ ಎಂಬುದಕ್ಕೆ ನಾನು ರಾಜ್ಯಕ್ಕೆ ಕೃತಜ್ಞ. ನಿಂತಲ್ಲೇ ನಿಲ್ಲಲು ಮೂರು ಪಟ್ಟು ಓಡಬೇಕು, ಹಾಗೆ ಓಡದ 200 ರೂಪಾಯಿ ಎಲ್ಲಿಗೆ ಬಂತೆಂದು ನೋಡಿದೆವಲ್ಲ.

ರಾಜ್ಯ ಸರ್ಕಾರಿ ನೌಕರರ ಲೋಕದಲ್ಲಿ ಒಂದು ದಿನದ ಬೆಲೆ ಇನ್ನೂ ದೊಡ್ಡದು. 2006ರ ಏಪ್ರಿಲ್ 1. ಅದರ ಹಿಂದಿನ ದಿನ ಮಾನ್ವಿಯ ಶಾಲೆಯೊಂದರಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ ಮೇಷ್ಟ್ರಿಗೆ ಹಳೆಯ ಪಿಂಚಣಿ: ಪೂರ್ತಿ ಸೇವೆ ಮಾಡಿದರೆ ಕೊನೆಯ ಮೂಲ ವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ, ಬದುಕಿರುವತನಕ. ಮರುದಿನ ನೇಮಕವಾದವರಿಗೆ ಎನ್‌ಪಿಎಸ್, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ: ತಿಂಗಳು ತಿಂಗಳು ಕಟ್ಟಿದ್ದು ಮಾರುಕಟ್ಟೆಯಲ್ಲಿ ಬೆಳೆದಷ್ಟು, ಕೊನೆಗೆ ಅದರಲ್ಲಿ ಕನಿಷ್ಠ ಶೇ 40ರಷ್ಟಕ್ಕೆ ವರ್ಷಾಶನ ಕೊಳ್ಳಬೇಕು. ಕೊನೆಯ ಮೂಲ ವೇತನ 80,000 ಎಂದುಕೊಳ್ಳೋಣ. ಮೊದಲನೆಯ ಮೇಷ್ಟ್ರಿಗೆ 40,000. ಎರಡನೆಯವರು ಅದೇ 40,000ವನ್ನು ಶೇ 7ರ ವರ್ಷಾಶನದಿಂದ ಪಡೆಯಬೇಕಾದರೆ ಕೂಡಿಟ್ಟಿರಬೇಕಾದ ಮೊತ್ತ 68 ಲಕ್ಷ 57 ಸಾವಿರ. ಅಷ್ಟಾದರೂ ತುಟ್ಟಿಭತ್ಯೆ ಇಲ್ಲ. ಶೇ 40ರಷ್ಟನ್ನೇ ತೊಡಗಿಸಿ 40,000 ಪಡೆಯಬೇಕೆಂದರೆ ಒಟ್ಟು ಗಂಟು 1 ಕೋಟಿ 71 ಲಕ್ಷ ಇರಬೇಕು. ಆ ಗಡಿಯ ಮೊದಲೇ ಅಧಿಸೂಚನೆ ಹೊರಟು ಆಮೇಲೆ ನೇಮಕವಾದ ಸುಮಾರು 13,000 ನೌಕರರಿಗೆ ಹಳೆಯ ಪಿಂಚಣಿಯ ಆಯ್ಕೆಯನ್ನು ರಾಜ್ಯ ಸರ್ಕಾರ ಕೊಟ್ಟದ್ದು 2024ರ ಜನವರಿಯಲ್ಲಿ. ಹದಿನೆಂಟು ವರ್ಷ ಒಂದು ತಾರೀಖಿನ ಸುತ್ತ ಅವರು ಓಡಾಡಿದ್ದಕ್ಕೆ ಕಾರಣ ಈ ಅಂಕಿಗಳು. 40,000 ಎಂದರೆ ತಿಂಗಳಿಗೆ 22 ಚೀಲ ಭತ್ತ. ಮೇಷ್ಟ್ರಿಗೆ ಅದು ಹೆಚ್ಚಾಯಿತು ಎನ್ನಲು ನನಗೆ ಮನಸ್ಸಿಲ್ಲ, ಕಾಕಾನ ಅರ್ಧ ಚೀಲ ತೀರಾ ಕಡಿಮೆ ಎನ್ನುತ್ತೇನೆ.

ವಯೋನಿವೃತ್ತಿಗೆ ಇಂಗ್ಲಿಷಿನಲ್ಲಿ ‘ಸೂಪರ್‌ಆನ್ಯುಯೇಷನ್’. ಮೆಲ್ಬರ್ನ್, ಸಿಡ್ನಿಯಲ್ಲಿರುವ ನಮ್ಮ ಕನ್ನಡದ ಮಕ್ಕಳು ಫೋನಿನಲ್ಲಿ ‘ಸೂಪರ್’ ಎನ್ನುವುದು ಇದನ್ನೇ. ಆಸ್ಟ್ರೇಲಿಯಾ 1992ರಲ್ಲಿ ಮಾಲೀಕರು ಸಂಬಳದ ಮೇಲೆ ಶೇ 3 ಕಟ್ಟಲೇಬೇಕು ಎಂದು ಶುರು ಮಾಡಿತು. 2025ರ ಜುಲೈ 1ರಿಂದ ಅದು ಶೇ 12. ನಮ್ಮಲ್ಲಿರುವ ಅದೇ 12. ನಮ್ಮ ಕಾಯ್ದೆಯಾಗಿ 40 ವರ್ಷವಾದ ಮೇಲೆ ಹೊರಟವರು ಅವರು. ಜನ 2 ಕೋಟಿ 70 ಲಕ್ಷ, ಕರ್ನಾಟಕದ ಅರ್ಧಕ್ಕಿಂತಲೂ ಕಡಿಮೆ. ಕೂಡಿಬಿದ್ದ ಗಂಟು 4 ಲಕ್ಷ ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. ನಮ್ಮ ರೂಪಾಯಿಯಲ್ಲಿ 200 ಲಕ್ಷ ಕೋಟಿ ದಾಟುತ್ತದೆ. ಕೂಸು ಮುದುಕರೆನ್ನದೆ ಹಂಚಿದರೆ ತಲೆಗೆ ಸುಮಾರು ಒಂದೂವರೆ ಲಕ್ಷ ಡಾಲರ್. ಅವರ ಸಂಬಳ ದೊಡ್ಡದು, ನಿಜ. ಆದರೆ ಇನ್ನೊಂದು ಕಾರಣವೂ ಇದೆ: ಸಾಮಾನ್ಯವಾಗಿ 60 ಆಗುವವರೆಗೆ ಆ ಚೀಲ ಬಿಚ್ಚಲು ಅಲ್ಲಿ ಬಿಡುವುದಿಲ್ಲ, ಕೆಲಸ ಬದಲಾದರೂ. ಬಿತ್ತನೆ ಬೀಜ ನೆಲದಲ್ಲೇ ಉಳಿಯುತ್ತದೆ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ 104ನೇ ಮೈಲಿನ ಗೇಜಿನಲ್ಲಿ ಎಷ್ಟು ಅಡಿ ನೀರಿದೆ ಎಂಬುದನ್ನು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾನೆ. ಅಡಿಯ ಮೇಲೆ ಇಂಚು ಇಳಿದರೆ ತನ್ನ ಗದ್ದೆಗೆ ಏನಾಗುತ್ತದೆಂದು ಅವನಿಗೆ ಗೊತ್ತು. ಅಂಕಿ ಓದಲು ಬಾರದ ಜನವಲ್ಲ ನಮ್ಮದು. ಹಾಗಿರುವಾಗ ಪಿಎಫ್, ವಂತಿಗೆ, ಉಪದಾನದ ಅಂಕಿಗಳನ್ನು ಅವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವವರು ಕಡಿಮೆಯಾಗಿದ್ದಾರೆ ಎಂದೇ ನಾನು ತಿಳಿದಿದ್ದೇನೆ.

ಹೀಗೆ ಹೇಳಲು ನನಗೊಂದು ಅವಕಾಶ ಮನೆಯಲ್ಲೇ ಸಿಕ್ಕಿತು. ಕಾಕಾನ ಮೊಮ್ಮಗಳಿಗೆ ಹದಿನೆಂಟು ತುಂಬಿತು, ಬ್ಯಾಂಕಿನಲ್ಲಿ ಅಟಲ್ ಪಿಂಚಣಿಯ ಫಾರಂ ಕೊಟ್ಟರು. 2015ರಲ್ಲಿ ಶುರುವಾದ ಈ ಯೋಜನೆಗೆ 2025ರ ಜುಲೈ ಹೊತ್ತಿಗೆ 8 ಕೋಟಿ ಜನ ಸೇರಿದ್ದರು. 60ರ ನಂತರ ಸಾವಿರದಿಂದ ಐದು ಸಾವಿರದವರೆಗೆ ಯಾವುದು ಬೇಕೋ ಆರಿಸಬಹುದು. ಸಾವಿರಕ್ಕೆ ಅವಳ ವಯಸ್ಸಿನಲ್ಲಿ ತಿಂಗಳಿಗೆ 42 ರೂಪಾಯಿ. 504 ತಿಂಗಳಿಗೆ ಒಟ್ಟು 21,168. ಅವಳ ಅವ್ವನಿಗೆ 40 ವರ್ಷ. ಅದೇ ಸಾವಿರಕ್ಕೆ ಅವ್ವ ತಿಂಗಳಿಗೆ 291 ಕಟ್ಟಬೇಕು. 240 ತಿಂಗಳಿಗೆ 69,840. ಐದು ಸಾವಿರಕ್ಕಾದರೆ ಮಗಳಿಗೆ 210, ಅವ್ವನಿಗೆ 1,454. ಮಗಳು 42 ವರ್ಷ ಕಟ್ಟಿದ್ದೆಲ್ಲ ಕೂಡಿ 1 ಲಕ್ಷ 6 ಸಾವಿರ, ಪಿಂಚಣಿ ಶುರುವಾಗಿ 22 ತಿಂಗಳೊಳಗೆ ಅಷ್ಟೂ ವಾಪಸು. ಆಮೇಲೆ ಬರುವುದೆಲ್ಲ ಕಾಲ ಕೊಟ್ಟದ್ದು. ಅವಳೂ ಅವಳ ಗಂಡನೂ ತೀರಿದ ಮೇಲೆ ನಾಮಿನಿಗೆ 8 ಲಕ್ಷ 50 ಸಾವಿರ.

ಹುಡುಗಿ ಪೆನ್ನು ಸಾವಿರದ ಚೌಕದ ಮೇಲಿಟ್ಟಳು. ಕಾಕಾ ಕೇಳಿದ, “ಅವಾಗ ಸಾವಿರಕ್ಕ ಎಷ್ಟ್ ಭತ್ತ ಬರ್ತದಂತ ಕೇಳವ್ವ ಅವನ್ನ.” ನಾನು ಮೊಬೈಲ್ ತೆಗೆದು ಲೆಕ್ಕ ಹಾಕಿದೆ. ಬೆಲೆ ಈಗಿನ ವೇಗದಲ್ಲೇ ಏರುತ್ತ ಹೋದರೆ 42 ವರ್ಷಕ್ಕೆ ಕ್ವಿಂಟಲ್‌ಗೆ 19,700 ರೂಪಾಯಿ. ಸಾವಿರಕ್ಕೆ 5 ಕಿಲೋ.

“ಐದು ಸಾವಿರಕ್ಕ?”

“25 ಕಿಲೋ, ಕಾಕಾ.”

“ಚೀಲದಾಗ ಮೂರನೇ ಪಾಲು,” ಎಂದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹುಡುಗಿ ಪೆನ್ನನ್ನು ಕೊನೆಯ ಚೌಕಕ್ಕೆ ಜರುಗಿಸಿ ಗೆರೆ ಹಾಕಿದಳು. “ಉಳಿದ ಎರಡು ಪಾಲು ಪಿಎಫ್ನಾಗ ಇಡ್ತೀನಿ ಮುತ್ಯಾ. ಕೆಲಸ ಸಿಗ್ಲಿ, ಮೊದಲನೇ ಐದು ವರ್ಷದ್ದು ಮುಟ್ಟಂಗಿಲ್ಲ,” ಎಂದಳು. ಕೌಂಟರಿನವರು ಖಾತೆಯಿಂದ 210 ರೂಪಾಯಿ ಕಡಿದು ಚೀಟಿ ಕೊಟ್ಟರು. 504ರಲ್ಲಿ ಒಂದು ತಿಂಗಳು ಮುಗಿದಿತ್ತು.